ಬೋಳು ಕೋಳಿಯ ವಿಚಾರ

ಒಳಊರು, ಇಳಿದ ವರ್ಷ ೬೧೪, ಹದಿನಾಲ್ಕನೆಯ ತಿಂಗಳು, ಗಾಳಿವಾರ

ಬಿಸಿಲಿನಲ್ಲಿ ಓಡಾಡುತ್ತಿದ್ದ ಹಿರಿಯರೇ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನಾನು ಮುನಿರತ್ನಮ್ಮ, ಮೈಗಾರ್ತಿ. ಅಂದರೆ ಅಳಿದುಹೋದ ಪ್ರಾಣಿಗಳ ಮೂಳೆಗೆ ಮೈ ಕಟ್ಟಿ ಮಕ್ಕಳಿಗೆ ತೋರಿಸುವವಳು. ಮೇಲಿನ ಬಿಸಿಲು ತಡೆಯಲಾಗದೆ ನಮ್ಮ ಪೂರ್ವಿಕರು ಕೋಲಾರದ ಚಿನ್ನದ ಗಣಿಯೊಳಗೆ ಇಳಿದರು. ನಾವೂ ಇಲ್ಲೇ ಇದ್ದೇವೆ. ದಿನವಿಡೀ ಕೊಳವೆಯಿಂದ ತಣ್ಣನೆ ಗಾಳಿ ಬಿಡುತ್ತಾರೆ, ಅದಕ್ಕೆ ನನ್ನ ಮಂಡಿ ಹಿಡಿದುಕೊಂಡಿದೆ. ಊಟಕ್ಕೆ ಅಣಬೆ ಮುದ್ದೆ, ಅಣಬೆ ಸಾರು. ಹಬ್ಬಕ್ಕೆ ಅಣಬೆ ಪಾಯಸ, ಅದರ ಸುದ್ದಿ ಬೇಡ. ಇಲ್ಲಿ ಹುಟ್ಟಿದ ಯಾರೂ ಹಕ್ಕಿ ನೋಡಿದವರಲ್ಲ. ನಿಮ್ಮ ಚಿತ್ರಗಳು ಹೆಚ್ಚುಕಮ್ಮಿ ಎಲ್ಲವೂ ನಿಮ್ಮ ಯಂತ್ರಗಳ ಜೊತೆಗೇ ಹೋದವು.

ನಮಗೆ ದಕ್ಕಿದ್ದು ನಿಮ್ಮ ವಸ್ತುಸಂಗ್ರಹಾಲಯವೊಂದರ ಮೂರು ಡೈನೋಸಾರ್ ಗೊಂಬೆಗಳು. ಮೂರೂ ಒಂದೇ ಪ್ರಾಣಿ, ಬೇರೆ ಬೇರೆ ಕಾಲದಲ್ಲಿ ಮಾಡಿದ್ದು. ಮೊದಲನೆಯದಕ್ಕೆ ಹಲ್ಲಿಯಂತೆ ಬರೀ ಚರ್ಮ. ಎರಡನೆಯದಕ್ಕೆ ಕತ್ತಿನ ಮೇಲೆ ಮಾತ್ರ ನಾಲ್ಕು ಗರಿ, ಒಲ್ಲದ ಮನಸ್ಸಿನಿಂದ ಅಂಟಿಸಿದ್ದು. ಮೂರನೆಯದಕ್ಕೆ ಮೈತುಂಬ ಗರಿ. ಜೊತೆಗೊಂದು ಕಲ್ಲು, ಅದರಲ್ಲಿ ಮೂಳೆಯ ಸುತ್ತ ಗರಿಯ ಅಚ್ಚು ಸ್ಪಷ್ಟವಾಗಿದೆ. ಮೊದಲು ನಿಮಗೂ ಬರೀ ಮೂಳೆ ಸಿಕ್ಕಿತ್ತು, ಬೋಳು ಪ್ರಾಣಿ ಅಂದುಕೊಂಡಿರಿ. ಆಮೇಲೆ ಇಂಥ ಕಲ್ಲು ಸಿಕ್ಕಿತು. ಎಲ್ಲ ಡೈನೋಸಾರಿಗೂ ಅಲ್ಲ, ಕೆಲವಕ್ಕೆ ಗರಿ ಕೊಟ್ಟಿರಿ. ತಪ್ಪು ತಿದ್ದಿಕೊಂಡಿರಲ್ಲ, ಅದಕ್ಕೇ ನಿಮ್ಮ ಮೇಲೆ ನನಗೆ ಗೌರವ.

ನಮ್ಮವರಿಗೆ ಆ ಬುದ್ಧಿಯಿಲ್ಲ. ನಿಮ್ಮ ಕಸದ ಗುಂಡಿಗಳಲ್ಲಿ ಕೋಳಿ ಮೂಳೆ ರಾಶಿ ರಾಶಿ ಸಿಗುತ್ತದೆ, ಒಂದರ ಮೇಲೂ ಗರಿಯಿಲ್ಲ. ತಗಡಿನ ಡಬ್ಬಿಯೊಂದರ ಮೇಲೆ ಇಡೀ ಕೋಳಿಯ ಚಿತ್ರ ಸಿಕ್ಕಿತು: ಬೋಳು ಮೈ, ಕೆಂಪು ಬಣ್ಣ, ಪಕ್ಕದಲ್ಲಿ ನಿಂಬೆ ಹೋಳು. ಕೋಳಿ ಬೋಳು ಪ್ರಾಣಿ, ನಿಂಬೆಗಿಡದ ಬುಡದಲ್ಲಿ ವಾಸ ಎಂದು ಊರಸಭೆ ತೀರ್ಮಾನಿಸಿತು. ನಗಬೇಡಿ.

ಈಚೆಗೆ ಜೀವಕಟ್ಟೆಯಲ್ಲಿ, ಅಂದರೆ ಅಳಿದ ಜೀವಿಗಳನ್ನು ಮತ್ತೆ ಹುಟ್ಟಿಸುವ ಮನೆಯಲ್ಲಿ, ಕೋಳಿಮರಿಗಳು ಹುಟ್ಟಿದವು. ಮೈಮೇಲೆ ಹಳದಿ ತುಪ್ಪುಳ. ಸಭೆಯವರು ಬೂಷ್ಟು ಎಂದರು. ಅಣಬೆ ಬೆಳೆದು ಬದುಕುವ ಊರು, ಬೂಷ್ಟೆಂದರೆ ಎಲ್ಲರಿಗೂ ಎದೆ ಝಲ್ಲೆನ್ನುತ್ತದೆ. ಮರಿಗಳನ್ನು ಬೋಳಿಸಿದರು. ತಣ್ಣನೆ ಗಾಳಿಗೆ ನಡುಗಿ ನಡುಗಿ ಒಂದೊಂದಾಗಿ ಸತ್ತವು.

ಕೊನೆಗೆ ಹುಟ್ಟಿದ ಒಂದು ಮರಿ ಉಳಿದಿದೆ. ಅದನ್ನೂ ಆ ಕಲ್ಲನ್ನೂ ಹೊತ್ತು ಸಭೆಗೆ ಹೋದೆ. ಕಲ್ಲಿನಲ್ಲೂ ಗುಂಡಿಯ ಕೋಳಿ ಮೂಳೆಗಳಲ್ಲೂ ಒಂದೇ ಥರ ಇರುವ ಎದೆಯ ಕವಲು ಮೂಳೆ ತೋರಿಸಿ, ಎರಡೂ ಒಂದೇ ವಂಶ ಕಣ್ರಪ್ಪಾ ಎಂದು ಗಂಟಲು ಹರಿದುಕೊಂಡೆ. ಸಭೆಯ ಯಜಮಾನ ಚೌಡಪ್ಪ ನಕ್ಕುಬಿಟ್ಟ. "ಅಕ್ಕಾ, ಅದು ಕಲ್ಲಾಗೋಗಿರೋದು, ಇದು ಅಡುಗೆಮನೇದು. ಎಲ್ಲಿಂದೆಲ್ಲಿಗೆ ಗಂಟು ಹಾಕ್ತೀಯಾ? ಗರಿ ಇರೋ ಕೋಳಿ ಒಂದ್ ತೋರ್ಸು, ಬಿಟ್ಬಿಡ್ತೀವಿ" ಅಂದ. ನಾಳೆ ಇದನ್ನೂ ಬೋಳಿಸುತ್ತಾರೆ. ವಾದ ಮಾಡಿ ಮಾಡಿ ನನಗೆ ಸಾಕಾಗಿದೆ.

ಆದ್ದರಿಂದ ನಿಮ್ಮಲ್ಲಿ ಬೇಡುತ್ತೇನೆ. ಒಂದು ಕೋಳಿಯನ್ನಾದರೂ ತಿನ್ನದೆ, ಪುಕ್ಕ ಕೀಳದೆ, ಜೇಡಿಮಣ್ಣಿನಲ್ಲಿ ಇಡಿಯಾಗಿ ಹೂತಿಡಿ. ಗಣಿಯ ಬಾಯಿಯ ಬಲಗಡೆ ಇರಲಿ. ಆಳ ಬೇಡ, ಮೇಲಿನ ಬಿಸಿಲಲ್ಲಿ ನನ್ನಂಥ ಮುದುಕಿ ಎಷ್ಟು ಹೊತ್ತು ಅಗೆದಾಳು? ನೀವು ಹೂತರೆ ಅದು ಈಗಾಗಲೇ ಅಲ್ಲಿರಬೇಕು.

ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೇನೆ. ಗುದ್ದಲಿ ಹಿಡಿದು ಹೊರಟಿದ್ದೇನೆ. ದಯವಿಟ್ಟು ಹೂತಿಡಿ.