ಪಾಪ, ಯಾರದೋ ಹೃದಯ

ಡುಲೂತ್, ಮಿನೆಸೋಟ
ಅಕ್ಟೋಬರ್ ೯, ಭಾನುವಾರ

ಪ್ರೀತಿಯ ತಮ್ಮಾ ಆರ್ವೊ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಆ ಅಲಾಸ್ಕದ ಥಂಡಿಯಲ್ಲಿ ಒದ್ದೆ ಬೂಟು ಹಾಕಿಕೊಂಡೇ ದಿನ ಕಳೆಯುವವನಿಗೆ ಅಕ್ಕ ಹೆಣೆದು ಕಳಿಸಿದ ಕಾಲುಚೀಲ ತಲುಪಿತೋ ಇಲ್ಲವೋ ಎಂದು ಒಂದು ಸಾಲು ಬರೆಯುವುದಕ್ಕೂ ಬಿಡುವಿಲ್ಲ. ಇರಲಿ, ನಾನೀಗ ಜಗಳಕ್ಕೆ ಕೂತಿಲ್ಲ. ಈ ವಾರವೆಲ್ಲ ಫೋನ್ ಮಾಡಿ ಮಾಡಿ ಸಾಕಾಯಿತು, ನೀನು ಸಿಗಲಿಲ್ಲ. ಕೊನೆಗೆ ನಿಮ್ಮ ಬಂದರಿನ ಕಚೇರಿಯವನು, "ದೋಣಿ ಸಮುದ್ರದಲ್ಲಿದೆ ಕಣಮ್ಮಾ, ಕಾಗದ ಬರೆದು ಹಾಕು, ಬಂದ ಕೂಡ್ಲೇ ಅವನ ಕೈಗೇ ಕೊಡ್ತೀನಿ, ನನ್ ತಲೆ ತಿನ್ಬೇಡ" ಅಂದ. ಅದಕ್ಕೇ ಬರೆಯುತ್ತಿದ್ದೇನೆ. ದೋಣಿಯಿಂದ ಇಳಿದವನು ನೀನು ಊರಿಗೆ ಬರಬೇಕು. ಯಾಕೆಂದು ಹೇಳುತ್ತೇನೆ, ಪೂರ್ತಿ ಓದು, ಅರ್ಧಕ್ಕೆ ಮಡಚಿ ಜೇಬಿಗೆ ತುರುಕಬೇಡ.

ನಮ್ಮ ಹೃದಯ ಸಂಶೋಧನಾ ವಿಭಾಗ ನಿನಗೆ ಗೊತ್ತಲ್ಲ, ಆಸ್ಪತ್ರೆಯ ಹಿಂಬದಿಯಲ್ಲಿ ಕಿಟಕಿಯೇ ಇಲ್ಲದ ಮೂರು ಕೋಣೆ. ಜನರ ಎದೆಗೆ ತಣ್ಣನೆಯ ಜೆಲ್ ಸವರಿ, ಸ್ಕ್ಯಾನ್ ಯಂತ್ರದಲ್ಲಿ ಅವರ ಹೃದಯ ನೋಡುತ್ತಾ ನನ್ನ ಅರ್ಧ ಆಯುಸ್ಸು ಅಲ್ಲೇ ಕಳೆಯಿತು. ಆಗಸ್ಟಿನಲ್ಲಿ ಹೊಸ ಯಂತ್ರ ಬಂತು. ಹೊಸದು ಬಂದರೆ ಮೊದಲು ನಾವೇ ಮಲಗಬೇಕು, ಅದು ನಮ್ಮಲ್ಲಿಯ ಪದ್ಧತಿ. ಆರೋಗ್ಯವಂತರ ಹೃದಯ ಅದರಲ್ಲಿ ಹೇಗೆ ಕಾಣುತ್ತದೆಂದು ತಿಳಿಯದೆ ರೋಗಿಗಳದ್ದನ್ನು ಅಳೆಯುವುದು ಹೇಗೆ? ವರ್ಲಿನ್ ಎಂಬ ನರ್ಸ್ ಇದ್ದಾನೆ, ಜನರನ್ನು ಫೋನಿನಲ್ಲಿ ಕಾಡಿಬೇಡಿ ತಪಾಸಣೆಗೆ ಕರೆಸುವುದು ಅವನ ಕೆಲಸ. ಮಲಗಿದವನೇ ಶುರುಮಾಡಿದ, "ಸರಿಯಾಗಿ ನೋಡ್ರಪ್ಪಾ. ನಂಗೆ ಹೃದಯಾನೇ ಇಲ್ಲ ಅಂತ ನನ್ ಹೆಂಡ್ತಿ ಕೋರ್ಟಲ್ಲಿ ಹೇಳಿದ್ಲು. ಒಂದು ಫೋಟೋ ಕೊಡಿ, ಫ್ರೇಮ್ ಹಾಕ್ಸಿ ಕಳಿಸ್ತೀನಿ." ನನ್ನ ಸರದಿಗೆ ಯಂತ್ರ ಹಿಡಿದವಳು ಬಾವೊ, ಈಚೆಗೆ ಕೆಲಸಕ್ಕೆ ಸೇರಿದ ಮೋಂಗ್ ಜನಾಂಗದ ಹುಡುಗಿ. "ಅಕ್ಕಾ, ಉಸಿರು ಬಿಗಿ ಹಿಡೀರಿ. ಅಯ್ಯೋ, ನಗ್ಬೇಡಿ ಅಂದ್ರೆ!" ನಾನು ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. ಡಬ್ಬಿಯಲ್ಲಿ ಕಾಡಕ್ಕಿ ಸೂಪು ಆರುತ್ತಿತ್ತು, ಎದ್ದು ಊಟಕ್ಕೆ ಓಡಿದೆ.

ನಮ್ಮಲ್ಲಿ ಚಿತ್ರ ಓದುವವರಿಗೆ ಹೆಸರು ಕಾಣಬಾರದು. ಹೆಸರು, ವಯಸ್ಸು ಎಲ್ಲ ಅಳಿಸಿ ಬರೀ ಒಂದು ಸಂಖ್ಯೆ ಇಟ್ಟಿರುತ್ತಾರೆ. ಗೊತ್ತಿರುವವರದ್ದಾದರೆ ಕಣ್ಣು ಮೋಸ ಮಾಡುತ್ತದೆ ಎಂದು ನಮ್ಮ ಮುಖ್ಯಸ್ಥ ಡಾಕ್ಟರ್ ಓಡೆಗಾರ್ಡ್ ಹೊಸಬರಿಗೆಲ್ಲ ಪಾಠ ಹೇಳುತ್ತಾರೆ. ಸಿಬ್ಬಂದಿಯ ಚಿತ್ರಗಳನ್ನು ಬೇರೆ ಊರಿನ ತಂಡ ಓದಬೇಕಿತ್ತು. ಬಾವೊ ಗಡಿಬಿಡಿಯಲ್ಲಿ ಅವನ್ನೂ ನಮ್ಮ ರೋಗಿಗಳ ಚಿತ್ರಗಳಿಗೇ ಸೇರಿಸಿಬಿಟ್ಟಳು. ಮಂಗಳವಾರ ಕಾಫಿ ಹಿಡಿದು ಕೂತು ಒಂದೊಂದೇ ನೋಡುತ್ತಿದ್ದೆ. ಒಂದು ಹೃದಯದಲ್ಲಿ ಎರಡು ಕೋಣೆಗಳ ನಡುವಿನ ಗೋಡೆ ಇರಬೇಕಾದ್ದಕ್ಕಿಂತ ತುಂಬ ದಪ್ಪ. "ಪಾಪ, ಯಾರದೋ ಏನೋ" ಅಂದೆ ಬಾವೊಗೆ. "ಇದು ವಂಶದಲ್ಲಿ ಬರೋ ಕಾಯಿಲೆ ಕಣೇ. ಇವರ ಒಡಹುಟ್ಟಿದವರನ್ನ ಹುಡುಕಿ ಕರೆಸಬೇಕು, ಇವತ್ತೇ. ವರ್ಲಿನ್‌ಗೆ ಹೇಳು." ವರ್ಲಿನ್ ಬಂದು, ಆ ಸಂಖ್ಯೆ ಯಾರದೆಂದು ತೆಗೆದು ನೋಡಿದ. ಆ ಮನುಷ್ಯನ ಬಾಯಿಂದ ತಮಾಷೆ ಹೊರಡದೇ ಇದ್ದದ್ದು ನಾನು ಕಂಡಂತೆ ಅದೇ ಮೊದಲು. "ಮಾರ್ಲಿಸ್, ನಿಂಗೊಬ್ಬ ತಮ್ಮ ಇದಾನಲ್ವಾ?" ಅಂದ, ಅಷ್ಟೇ.

ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ. ಓಡೆಗಾರ್ಡ್ ಎರಡನೇ ಸಲ ತಾವೇ ಕೂತು ಸ್ಕ್ಯಾನ್ ಮಾಡಿದರು, ಮಾತ್ರೆ ಕೊಟ್ಟಿದ್ದಾರೆ, ಮೊದಲೇ ಗೊತ್ತಾದರೆ ಇದರ ಜೊತೆ ಹಣ್ಣುಹಣ್ಣು ಮುದುಕರಾಗುವ ತನಕ ಬಾಳಬಹುದಂತೆ. ಗೊತ್ತಾಗದೇ ಇದ್ದರೆ ಮಾತ್ರ ಕಷ್ಟ. ಅಪ್ಪನಿಗೆ ಗೊತ್ತಾಗಲಿಲ್ಲ. ಅಂಗಳದ ಹಿಮ ತೆಗೆಯುತ್ತಿದ್ದವರು ಸಲಿಕೆ ಹಿಡಿದೇ ಕುಸಿದರು, ನಲವತ್ತನಾಲ್ಕಕ್ಕೆ. ಊರವರೆಲ್ಲ ಬೆಣ್ಣೆಯ ಮೇಲೆ ತಪ್ಪು ಹೊರಿಸಿದರು, ಅಮ್ಮ ಆಮೇಲೆ ಸಾಯುವ ತನಕ ಬೆಣ್ಣೆಯನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಆ ಬೆಣ್ಣೆ ಏನು ಪಾಪ ಮಾಡಿತ್ತೋ! ಬರುವ ಮಾರ್ಚಿಗೆ ನಿನಗೂ ನಲವತ್ತನಾಲ್ಕು. ಮಂಗಳವಾರದಿಂದ ನನಗೆ ಬೇರೆ ಯೋಚನೆಯೇ ಇಲ್ಲ.

ಅದಕ್ಕೇ ಹೇಳುವುದು, ಬಾ. ನಿನ್ನನ್ನು ನಾನೇ ನೋಡಬೇಕು, ನನ್ನ ಯಂತ್ರದಲ್ಲೇ ಆಗಬೇಕು, ಇಂಥದ್ದಕ್ಕೆ ಪಳಗಿದ ಕೈ ಬೇಕು. ಅಮ್ಮನನ್ನು ಮಣ್ಣು ಮಾಡಿದ ವಾರವೇ, "ಈ ಊರಲ್ಲಿ ನಂಗೆ ಉಸಿರಾಡೋಕಾಗ್ತಿಲ್ಲ ಅಕ್ಕಾ" ಎಂದು ಹೊರಟವನು ನೀನು, ಆಮೇಲೆ ಇತ್ತ ತಲೆ ಹಾಕಲಿಲ್ಲ. ನಾನೂ ತಡೆಯಲಿಲ್ಲ. ನಿನ್ನ ವಯಸ್ಸಿನ ಗಂಡಸರು ಬಂದಾಗ ಎಡಮಗ್ಗುಲಿಗೆ ತಿರುಗಿ, ತಲೆಯ ಕೆಳಗೆ ಕೈ ಇಟ್ಟುಕೊಳ್ಳಿ ಎನ್ನುತ್ತೇನೆ, ಹಾಗೆ ಮಲಗಿದರೆ ಹೃದಯ ಚೆನ್ನಾಗಿ ಕಾಣುತ್ತದೆ. ಚಿಕ್ಕಂದಿನಲ್ಲಿ ನೀನು ನಿದ್ದೆ ಹೋಗುತ್ತಿದ್ದದ್ದೇ ಹಾಗೆ. ಒಮ್ಮೊಮ್ಮೆ ಯಾರೋ ಅಪರಿಚಿತನ ಬೆನ್ನು ನೋಡುತ್ತಾ ಕೈ ನಿಂತುಬಿಡುತ್ತದೆ, "ಏನಾಯ್ತು ಮೇಡಂ, ಏನಾದ್ರೂ ಕೆಟ್ಟದ್ದಿದೆಯಾ?" ಎಂದು ಪಾಪ ಅವರು ಹೆದರುತ್ತಾರೆ. ನಿನ್ನನ್ನು ಕಣ್ತುಂಬ ನೋಡಬೇಕು ಕಣೋ. ಹಬೆಸ್ನಾನಕ್ಕೆ ಸೌನಾ ಕಾಯಿಸಿಟ್ಟಿರುತ್ತೇನೆ. ಹಾಲು ಮೊಟ್ಟೆ ಕಲಸಿ ಪನ್ನುಕಾಕ್ಕು ಬೇಯಿಸುತ್ತೇನೆ, ದೊಡ್ಡ ತಟ್ಟೆಯಲ್ಲಿ, ಬೆಣ್ಣೆ ಸುರಿದು. ಉಸಿರು ಕಟ್ಟಿದರೆ ಎರಡೇ ದಿನ ಇದ್ದು ಹೋಗು, ನಾನು ಒಂದು ಮಾತೂ ಆಡುವುದಿಲ್ಲ.

ಓಡೆಗಾರ್ಡ್, ಬಾವೊ ಇಬ್ಬರೂ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ವರ್ಲಿನ್ ಕೂಡ. ದೇವರು ನಿನ್ನನ್ನೂ ನಿನ್ನ ದೋಣಿಯವರನ್ನೂ ಸುಖವಾಗಿ ದಡ ಮುಟ್ಟಿಸಲಿ.

ನಿನ್ನ ದಾರಿ ಕಾಯುತ್ತಿರುವ ಅಕ್ಕ,
ಮಾರ್ಲಿಸ್

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದಿದ್ದೇನೆ. ನನ್ನ ಯಂತ್ರದಲ್ಲೇ ಆಗಬೇಕೆಂದು ಬರೆದೆನಲ್ಲ, ಅದು ಸುಳ್ಳು. ನೀನಿರುವ ಊರಿನ ಆಸ್ಪತ್ರೆಯಲ್ಲೇ ಈ ಸ್ಕ್ಯಾನ್ ಮಾಡುತ್ತಾರೆ, ಶುಕ್ರವಾರವೇ ವಿಚಾರಿಸಿದೆ. ನನ್ನ ಹೆಸರು ಹೇಳು, ಯಾವಾಗ ಹೋದರೂ ನೋಡುತ್ತಾರೆ. ಅದನ್ನು ತಿಳಿಸಿದರೆ ಅಲ್ಲೇ ತೋರಿಸಿಕೊಂಡು ಇಲ್ಲಿಗೆ ಬರದೇ ಹೋಗುತ್ತೀಯೆಂದು ಮುಚ್ಚಿಟ್ಟಿದ್ದೆ. ಇಳಿದ ಕೂಡಲೇ ಅಲ್ಲಿಗೆ ಹೋಗು. ಅವರು ನೋಡಿ ಹೇಳುವ ತನಕ ಬಲೆ ಎಳೆಯಬೇಡ, ಭಾರ ಎತ್ತಬೇಡ. ನೀನು ಬರದಿದ್ದರೂ ಸರಿ ಆರ್ವೊ, ಇದ್ದರೆ ಸಾಕು.