ಸಾಹೇಬನ ಬೆನ್ನಿಗೆ ಹಾಕಿದ ಹನಿ

ಮೇ 4, ಬೆಳಿಗ್ಗೆ 6.30
ಮಾತ್ರೆ ನುಂಗಿದ್ದಾಯಿತು. ಹಾಲು ಕಾಯಿಸಿದೆ. ಬಾಲ್ಕನಿ ಗುಡಿಸಿದೆ — ಮತ್ತೆ ಅದೇ ಬಿಳಿ ಹೊಟ್ಟು. ಸಾಹೇಬನದು. ಸೊಸೆ ಮದುವೆಯಾಗಿ ಬರುವಾಗ ತಂದದ್ದು ಎರಡು ಸೂಟ್‌ಕೇಸು, ಒಂದು ಮೊಲ. ಹೆಸರು ಸಾಹೇಬ. ಅದರ ಠೀವಿಗೆ ಸರಿಯಾಗಿಯೇ ಇದೆ. ನಾನು ತಟ್ಟೆ ಇಡುವ ತನಕ ಕಾಯುತ್ತಾನೆ, ಇಟ್ಟ ಮೇಲೆ ಬೆನ್ನು ತಿರುಗಿಸುತ್ತಾನೆ. ಕೊಬ್ಬು!
ಎಲ್ಲರೆದುರು ಮೂಗು ಮುರಿಯುತ್ತೇನೆ. ಆದರೆ ಸೊಪ್ಪು ಬಿಡಿಸುವಾಗ ಎಳೆಯದನ್ನೆಲ್ಲ ಅವನಿಗೇ ಎತ್ತಿಡುತ್ತೇನೆ. ಯಾರಿಗೂ ಗೊತ್ತಿಲ್ಲ.

ಮೇ 6
ಸೊಸೆ ಅರ್ಧ ದಿನ ರಜೆ ಹಾಕಿ ಪ್ರಾಣಿ ಡಾಕ್ಟರ ಹತ್ತಿರ ಹೊರಟಳು. ಐದು ತಿಂಗಳ ಬಸುರಿ, ಕೈಯಲ್ಲಿ ಸಾಹೇಬನ ಬುಟ್ಟಿ ಬೇರೆ. ತಡೆಯಲಾರದೆ ನಾನೂ ಹೋದೆ. ಚರ್ಮದಲ್ಲಿ ನುಸಿಯಂತೆ. ಡಾಕ್ಟರ್ ತೂಗಿದರು — ಎರಡು ಕಿಲೋ. ಮೊಲಕ್ಕೆ ಆಗುವ ಔಷಧ ಕೊಟ್ಟರು. ಕುತ್ತಿಗೆಯ ಹಿಂದೆ ಎರಡು ಹನಿ, ಹದಿನೈದು ದಿನ ಬಿಟ್ಟು ಇನ್ನೆರಡು.
"ಒಂದೇ ಸಲಕ್ಕೆ ಹೋಗಲ್ಲ. ಅವಸರ ಬೇಡ. ಬೇರೆ ಏನೂ ಹಾಕ್ಬೇಡಿ."
ಮನೆಗೆ ಬಂದು ಸೊಸೆ ಗಟ್ಟಿಯಾಗಿ ಎಣಿಸುತ್ತಾ ಹಾಕಿದಳು. ಒಂದು... ಎರಡು. ಪಕ್ಕದಲ್ಲೇ ಇದ್ದೆ. ಎರಡು ಹನಿಗೆ ಎಷ್ಟು ಸಡಗರ!

ಮೇ 11, ಮಧ್ಯಾಹ್ನ 3
ಸಾಹೇಬನ ಕೆರೆತ ನಿಂತಿಲ್ಲ. ಕಿವಿಯ ಹಿಂದೆ ರಕ್ತ. ಅದನ್ನು ನೋಡಿ ಸೊಸೆಗೆ ಊಟ ಸೇರುತ್ತಿಲ್ಲ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಉಪವಾಸ!
ಕಪಾಟಿನಲ್ಲಿ ನಮ್ಮ ಹಳೆಯ ನಾಯಿಯ ಚಿಗಟದ ಔಷಧ ಒಂದು ಟ್ಯೂಬು ಉಳಿದಿತ್ತು. ಹತ್ತು ಕಿಲೋ ನಾಯಿಗೆ ಇಡೀ ಟ್ಯೂಬು. ಎರಡು ಕಿಲೋ ಮೊಲಕ್ಕೆ ಐದನೇ ಒಂದು ಪಾಲು. ಮೂವತ್ತೊಂದು ವರ್ಷ ವಾರ್ಡಿನಲ್ಲಿ ನರ್ಸಾಗಿದ್ದವಳಿಗೆ ಇದು ಯಾವ ಮಹಾ ಲೆಕ್ಕ? ಸೊಸೆ ಆಫೀಸಿನಿಂದ ಬರುವ ಮೊದಲೇ ಹಾಕಿ ಮುಗಿಸಿದೆ. ಕೆರೆತ ನಿಂತ ಮೇಲೆ ಹೇಳಿದರಾಯಿತು — ನೋಡಿದ್ಯಾ, ನಿಮ್ಮತ್ತೆ ಕೈಗುಣ!

ಮೇ 14
ಬೆಳಿಗ್ಗೆ ಸೊಪ್ಪು ಮುಟ್ಟಲಿಲ್ಲ. ಹಿಕ್ಕೆ ಇಲ್ಲ. ಮೂಲೆಯಲ್ಲಿ ಮುದುಡಿ ಕೂತಿದ್ದ. ಒಂಬತ್ತಕ್ಕೆ ಮೈಯೆಲ್ಲ ಅದುರಿತು, ಕಾಲು ಸೆಟೆಯಿತು. ಆಟೋ ಹಿಡಿದು ಓಡಿದೆವು.
ಡಾಕ್ಟರ್ ಕೇಳಿದರು. "ಬೇರೆ ಏನಾದ್ರೂ ಹಾಕಿದ್ರಾ? ನಾಯಿದು? ಕೆಲವು ನಾಯಿ ಔಷಧ ಮೊಲಕ್ಕೆ ವಿಷ, ಚೂರು ಬಿದ್ರೂ ಸಾಕು. ಗೊತ್ತಾದ್ರೆ ತೊಳೆದು ಅದಕ್ಕೆ ತಕ್ಕ ಹಾಗೆ ನೋಡ್ತೀನಿ."
"ಇಲ್ಲ ಡಾಕ್ಟ್ರೇ." ಸೊಸೆ ನನ್ನ ಕಡೆ ತಿರುಗಿದಳು. "ಅಲ್ವಾ ಅತ್ತೆ?"
"ಇಲ್ಲಪ್ಪ" ಎಂದೆ.
ಎಷ್ಟು ಜನರನ್ನು ಬೈದಿದ್ದೆ ವಾರ್ಡಿನಲ್ಲಿ! ಮನೇಲಿ ಏನು ಕುಡಿಸಿದ್ರಿ ಬೊಗಳ್ರೀ, ನೀವು ಮುಚ್ಚಿಟ್ರೆ ಸಾಯೋದು ಪೇಷಂಟು, ಅಂತ. ಇವತ್ತು ಮುಚ್ಚಿಟ್ಟವಳು ನಾನೇ. ಸೊಸೆಯ ಮುಂದೆ ಸಣ್ಣವಳಾಗಬೇಕಲ್ಲ ಎಂದು... ಅಷ್ಟಕ್ಕೇ.

ಮೇ 15, ಬೆಳಿಗ್ಗೆ 5.50
ಹೋದ. ಸೊಸೆಯ ತೊಡೆಯ ಮೇಲೆ.
ಮಗ ಹಿಂದಿನ ಖಾಲಿ ಜಾಗದಲ್ಲಿ ಗುಂಡಿ ತೋಡಿದ. ನಾನು ಕಪಾಟು ತೆಗೆದು, ಕನ್ನಡಕ ಹಾಕಿಕೊಂಡು ಟ್ಯೂಬಿನ ಡಬ್ಬಿ ಓದಿದೆ. ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರ. ಮೊಲಗಳಿಗೆ ಬಳಸಬಾರದು. ಪಾಲಿನ ಲೆಕ್ಕ ಸರಿಯಾಗಿಯೇ ಹಾಕಿದ್ದೆ. ಔಷಧವೇ ಅವನದಲ್ಲ.
ಆಗಲೇ ಹೇಳಿದ್ದರೆ ಉಳಿಯುತ್ತಿದ್ದನೋ ಏನೋ. ಆ "ಏನೋ" ಬಿಡುತ್ತಿಲ್ಲ.

ಮೇ 22
ಒಂದು ವಾರ ಏನೂ ಬರೆದಿಲ್ಲ. ಬರೆಯಲು ಮುಖವಿಲ್ಲ.
ಬಟ್ಟೆ ಮಡಿಚುತ್ತಾ ಸೊಸೆ ಕೇಳಿದಳು. "ಅತ್ತೆ, ನಾನು ಮೂರು ಹನಿ ಹಾಕ್ಬಿಟ್ನಾ? ಬಾಯಲ್ಲಿ ಎರಡು ಅಂದೆ. ಕೈ ಏನು ಮಾಡ್ತೋ..."
"ಆಗಿದ್ದು ಆಗೋಯ್ತು, ಬಿಡೇ" ಎಂದೆ.
ಸಮಾಧಾನವೇ ಅದು? ತಪ್ಪು ನಿನ್ನದೇ ಎಂದು ಮೊಹರು ಒತ್ತಿದೆ. ಛೀ, ನನ್ನ ಜನ್ಮಕ್ಕಿಷ್ಟು.

ಮೇ 27
"ಮಗು ಹುಟ್ಟಿದ್ಮೇಲೆ ಔಷಧ ಗಿವುಷಧ ಎಲ್ಲಾ ನೀವೇ ಹಾಕ್ಬೇಕು ಅತ್ತೆ. ನನ್ ಕೈ ನಂಬೋ ಹಾಗಿಲ್ಲ."
"ಏನೇ ಹುಚ್ಚು ನಿಂಗೆ?"
"ನಿಜ ಅತ್ತೆ. ನನಗೆ ಎತ್ಕೊಳೋಕೂ ಭಯ ಆಗತ್ತೆ. ನೀವಾದ್ರೆ ನರ್ಸು."
"ಆಯ್ತಮ್ಮ" ಎಂದೆ. ಅಂದುಬಿಟ್ಟೆ!
ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ತಿಂದವಳು ನಾನು, ಕುಡಿಯುತ್ತಿರುವವಳು ಆ ಹುಡುಗಿ.

ಮೇ 28, ಬೆಳಿಗ್ಗೆ 7.10
ಮಗ ಕೆಲಸಕ್ಕೆ ಹೋದ. ಮನೆಯಲ್ಲಿ ನಾವಿಬ್ಬರೇ.
ಹೇಳಿದ ಮೇಲೆ ನನ್ನ ಮುಖ ನೋಡುತ್ತಾಳೋ ಇಲ್ಲವೋ. ಮಗುವನ್ನು ನನ್ನ ಕೈಗೆ ಕೊಡುತ್ತಾಳೋ ಇಲ್ಲವೋ. ಕೊಡದಿದ್ದರೆ ಅವಳದೇ ನ್ಯಾಯ. ಅವಳು ತನ್ನ ಕೈಯನ್ನು ನಂಬಿದರೆ ಸಾಕು.
ಕರೆದೆ. "ಬಂದೆ ಅತ್ತೆ" ಅನ್ನುತ್ತಿದ್ದಾಳೆ. ಎದುರಿಗೆ ಬಂದರೆ ಮತ್ತೆ ಬಾಯಿ ಕಟ್ಟುತ್ತದೆ. ಬರೆದಿಟ್ಟುಕೊಂಡೇ ಹೇಳುತ್ತೇನೆ.
ನೀನು ಎರಡೇ ಹನಿ ಹಾಕಿದ್ದು ಕಣೇ. ಪಕ್ಕದಲ್ಲೇ ನಿಂತು ನೋಡಿದ್ದೀನಿ. ಆಮೇಲೆ ನಾಯಿ ಔಷಧ ಹಾಕಿದವಳು —