ಆಕ್ಷೇಪಣೆಯ ದಿನ ನಾನು ಆಡಿದ ಮರಾಠಿ

ಅಪ್ಪಾ,

ಒಂದೇ ಮನೆಯಲ್ಲಿ ಇದ್ದವರು ನಾವು, ನಿಮಗೆ ಪತ್ರ ಬರೆಯುವ ಪ್ರಸಂಗ ಈವರೆಗೆ ಬಂದಿರಲಿಲ್ಲ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಬರೀ ‘ಅಪ್ಪಾ’ ಎಂದು ಬರೆದಿದ್ದೇನೆ. ಅಷ್ಟು ಕರೆಯುವ ಹಕ್ಕಾದರೂ ಉಳಿದಿದೆ ಎಂದುಕೊಂಡಿದ್ದೇನೆ.

ನಾನಾಗಿಯೇ ವರ್ಗ ಕೇಳಿಕೊಂಡು ಸಂಭಾಜಿನಗರಕ್ಕೆ ಬಂದ ಮೇಲೆ ಪ್ರತಿ ರವಿವಾರ ಅಮ್ಮನಿಗೆ ಫೋನ್ ಮಾಡುತ್ತೇನೆ. ಮಾತು ಶುರುವಾದ ಕೂಡಲೇ ಹಿಂದೆ ಟಿವಿಯ ಸದ್ದು ಸಣ್ಣಗಾಗುತ್ತದೆ. ನೀವು ಅಲ್ಲೇ ಕೂತು ಕಿವಿಗೊಟ್ಟಿದ್ದೀರಿ ಎಂದು ಗೊತ್ತಾಗುತ್ತದೆ. ಅಮ್ಮ, “ಅಪ್ಪಗ ಕೊಡ್ಲೇನ?” ಅನ್ನುತ್ತಾಳೆ. “ಮುಂದಿನ ವಾರ ಮಾತಾಡ್ತೀನಿ” ಎಂದು ನಾನು ಫೋನ್ ಇಡುತ್ತೇನೆ. ಇಷ್ಟು ದಿನ ಅದನ್ನು ನನ್ನ ಸಿಟ್ಟು ಎಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ನಮ್ಮ ಮನೆ ಹಿಂದಿನ ಶೆಡ್ಡಿನ ಚನಬಸವ್ವನ ಫೋನ್ ಬಂದ ಮೇಲೆ ಅದು ಸಿಟ್ಟಲ್ಲ ಎಂದು ಗೊತ್ತಾಯಿತು. ಈಗ ಫೋನಿನಲ್ಲಿ ನಿಮ್ಮ ದನಿ ಕೇಳುವ ಧೈರ್ಯವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲ ನಿಮಗೆ ಗೊತ್ತಿರುವುದೇ. ಆದರೆ ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಿಮಗೆ ಒಮ್ಮೆಯೂ ಹೇಳಿಲ್ಲ.

ನಮ್ಮ ಹೌಸಿಂಗ್ ಸೊಸೈಟಿಯ ಹಿಂದಿನ ಸಬ್‌ಸ್ಟೇಷನ್ನಿನಲ್ಲಿ ಇದ್ದದ್ದು ಒಂದೇ ದೊಡ್ಡ ಟ್ರಾನ್ಸ್‌ಫಾರ್ಮರ್. ನೀವು ಬ್ಯಾಂಕಿನಿಂದ ನಿವೃತ್ತರಾಗಿ ನಾಸಿಕ್ ರೋಡಿನಲ್ಲಿ ಫ್ಲ್ಯಾಟ್ ಕೊಂಡಾಗ ಸುತ್ತ ಇನ್ನೂ ದ್ರಾಕ್ಷಿ ತೋಟಗಳಿದ್ದವು. ಈಗ ಆ ತೋಟಗಳ ಮೇಲೆಲ್ಲ ಕಟ್ಟಡ. ಸಂಜೆಯಾದರೆ ಲೋಡು ತಾಳದೆ ಕರೆಂಟು ಹೋಗುತ್ತಿತ್ತು. ನಮಗೆ ಲಿಫ್ಟ್ ನಿಂತರೆ ಜನರೇಟರ್ ಇತ್ತು. ಸಬ್‌ಸ್ಟೇಷನ್ನಿನ ಗೋಡೆಗೆ ಹತ್ತಿದ ತಗಡಿನ ಶೆಡ್ಡುಗಳಲ್ಲಿ ಇದ್ದ ನಮ್ಮ ಕಡೆಯ, ಕನ್ನಡ ಮಾತಾಡುವ ಕಟ್ಟಡ ಕೂಲಿಯವರಿಗೆ ನೀರಿನ ಮೋಟಾರೂ ಏಳುತ್ತಿರಲಿಲ್ಲ. ಎರಡನೇ ಟ್ರಾನ್ಸ್‌ಫಾರ್ಮರ್ ಕೂರಿಸಬೇಕೆಂದು ನಮ್ಮ ವಿದ್ಯುತ್ ಕಂಪನಿಯ ಕಚೇರಿ ತೀರ್ಮಾನಿಸಿತು. ಅದರ ಪರವಾನಗಿಗಳ ಕೆಲಸ ನನ್ನ ಮೇಜಿಗೆ ಬಂತು.

ಟ್ರಾನ್ಸ್‌ಫಾರ್ಮರ್ ತರುವುದು ಸುಲಭ, ಅದಕ್ಕೆ ಜಾಗ ದೊರಕಿಸುವುದು ಕಷ್ಟ. ಪಕ್ಕದ ಖಾಲಿ ನಿವೇಶನ ನಗರದ ಅಭಿವೃದ್ಧಿ ನಕಾಶೆಯಲ್ಲಿ ಉದ್ಯಾನಕ್ಕೆಂದು ಮೀಸಲು. ಅದರಲ್ಲಿ ತುಸು ಭಾಗವನ್ನು ವಿದ್ಯುತ್ ಕೇಂದ್ರಕ್ಕೆ ಬದಲಾಯಿಸಬೇಕಾದರೆ ಪಾಲಿಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಜನರ ಆಕ್ಷೇಪಣೆ ಕರೆಯಬೇಕು, ವಿಚಾರಣೆ ನಡೆಸಬೇಕು. ಅದಾದ ಮೇಲೆ ಸರ್ಕಾರದ ಒಪ್ಪಿಗೆ. ಜೊತೆಗೆ ಅಗ್ನಿಶಾಮಕದವರದು, ಮರ ಕಡಿಯಲು ಮರಗಳ ಸಮಿತಿಯದು, ಕೊನೆಗೆ ವಿದ್ಯುತ್ ಪರಿವೀಕ್ಷಕರದು.

ಆ ಖಾಲಿ ನಿವೇಶನದಲ್ಲಿ ಬೇವು, ಹೊಂಗೆ ನೆಟ್ಟವರು ನೀವು. ಪಾಲಿಕೆ ಉದ್ಯಾನ ಮಾಡುತ್ತದೆಂದು ಕಾದು ಕಾದು ಬೇಸತ್ತು, ಬೆಳಗ್ಗೆ ಕೊಡ ಹೊತ್ತು ನೀರು ಹಾಕಿ ಬೆಳೆಸಿದವರು. ಪ್ರಕಟಣೆ ಬಂದ ದಿನ ನೀವು ಪೇಪರ್ ಮಡಚಿಟ್ಟು ಊಟಕ್ಕೆ ಕೂತಿರಿ. ನಾನು ಎದುರಿಗೆ ಕೂತೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಕಚೇರಿಯ ಮಾತು ಮನೆಗೆ ತರಬಾರದೆಂಬುದು ಬ್ಯಾಂಕಿನಲ್ಲಿದ್ದಾಗ ನೀವು ಹಾಕಿಕೊಂಡ ಶಿಸ್ತು. ನಾನು ಅದರ ಹಿಂದೆ ಆರಾಮಾಗಿ ಬಚ್ಚಿಟ್ಟುಕೊಂಡೆ.

ಅಪ್ಪಾ, ನಕಾಶೆ ಗುಟ್ಟಿನದಲ್ಲ. ಪಾಲಿಕೆಯಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಅದರಲ್ಲಿ ಹೋಗುತ್ತಿದ್ದದ್ದು ರಸ್ತೆ ಕಡೆಯ ಮೂಲೆ ಮಾತ್ರ. ನಿಮ್ಮ ಬೇವಿನ ಸಾಲು ಪೂರ್ತಿ ಉಳಿಯುತ್ತಿತ್ತು. ಆ ಸಾಲು ಉಳಿಯಲೆಂದೇ ನಾನು ನಮ್ಮ ಮೇಲಧಿಕಾರಿ ಜಯಂತ್ ಸರ್ ಜೊತೆ ವಾದಿಸಿ ವಿನ್ಯಾಸ ಬದಲಿಸಿದ್ದೆ. ಅಷ್ಟು ಮಾಡಿದವಳು, ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತ ಒಂದು ಮಾತು ಹೇಳಲಿಲ್ಲ. ಆಮೇಲೆ ಗೊತ್ತಾಗಿ ನಿಮಗೆ ಹೆಮ್ಮೆಯಾಗಲಿ ಎಂಬ ಆಸೆಯೂ ಇತ್ತು. ಆ ಆಸೆ ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ವಿಚಾರಣೆ ದೀಪಾವಳಿಯಾದ ಮೇಲೆ ಪಾಲಿಕೆಯ ಸಭಾಗೃಹದಲ್ಲಿ ಆಯಿತು. ನೀವು ಸೊಸೈಟಿಯ ಅಧ್ಯಕ್ಷರಾಗಿ ಬರುತ್ತೀರೆಂದು ಗೊತ್ತಿತ್ತು. ಶೆಡ್ಡಿನ ಹೆಂಗಸರನ್ನು ಟೆಂಪೋದಲ್ಲಿ ಕರೆತರುತ್ತೀರೆಂದು ಗೊತ್ತಿರಲಿಲ್ಲ. ಅವರನ್ನು ನೋಡಿ ನಾನು ಖುಷಿಪಟ್ಟೆ ಕೂಡ. ಕರೆಂಟು ಬೇಕು ಎನ್ನಲು ಬಂದಿದ್ದಾರೆ ಎಂದುಕೊಂಡೆ.

ನೀವು ಉದ್ಯಾನದ ಬಗ್ಗೆ ಮಾತಾಡಿದಿರಿ. ಬರೆದುಕೊಂಡು ಬಂದ ಮರಾಠಿ, ಚೆನ್ನಾಗಿಯೇ ಇತ್ತು. ಅಧಿಕಾರಿ ತಲೆಯಾಡಿಸಿದರು. ಆಮೇಲೆ ಚನಬಸವ್ವ ಎದ್ದು ನಿಂತು ಕನ್ನಡದಲ್ಲಿ ಹೇಳತೊಡಗಿದಳು. ಸಂತೆಯ ಮರಾಠಿ ಅವಳಿಗೆ ಬರುತ್ತದೆ, ಅಧಿಕಾರಿಯ ಮುಂದೆ ನಿಂತು ಅಳುಕಿಲ್ಲದೆ ಮಾತಾಡುವಷ್ಟಲ್ಲ. ಅನುವಾದ ಮಾಡಲು ನೀವು ಎದ್ದಿರಿ. ನೀವು ಆಕ್ಷೇಪಣೆ ಸಲ್ಲಿಸಿದವರು, ಬೇರೆಯವರು ಹೇಳಲಿ ಎಂದರು ಅಧಿಕಾರಿ. ಕಚೇರಿಯ ಪರವಾಗಿ ನನ್ನ ಜೊತೆ ಬಂದಿದ್ದ ಜಯಂತ್ ಸರ್ ನನಗೂ ಕನ್ನಡ ಬರುತ್ತದೆ ಎಂದಾಗ ನನ್ನ ಕಡೆ ಕೈ ತೋರಿಸಿದರು.

“ಆ ದೊಡ್ಡ ಡಬ್ಬಿ ನಮಗ ಬ್ಯಾಡ್ರಿ,” ಎಂದಳು ಚನಬಸವ್ವ. “ಅದು ಕುಂತ್ರ ಹೊಟ್ಟ್ಯಾಗಿನ ಕೂಸಿಗೆ ತ್ರಾಸ ಆಕ್ಕೈತಂತ. ನನ್ನ ಮಗಳು ವಿದ್ಯಾವತಿ ಏಳು ತಿಂಗಳ ಬಸುರಿ ಅದಾಳ. ಅಂಜಿಕಿ ಬಂದು ಆಕಿನ್ನ ಮುದ್ದೇಬಿಹಾಳ ಕಡೆ ನಮ್ಮ ಹಳ್ಳಿಗೆ ಕಳಿಸೀನ್ರಿ. ಅಳಿಯ ಕೆಲಸ ಬಿಟ್ಟು ಸಂಗಾಟ ಹ್ವಾದ. ಅಲ್ಲಿ ದವಾಖಾನಿ ದೂರ ಐತಿ. ಏನ್ ಮಾಡೂದ್ರಿ?”

ನಾನು ಅದನ್ನು ಮರಾಠಿಗೆ ತಿರುಗಿಸಿದೆ. ಯಾರು ಹೀಗೆ ಹೇಳಿದರು ಎಂದು ಅಧಿಕಾರಿ ನನ್ನಿಂದ ಅವಳನ್ನು ಕೇಳಿಸಿದರು. ಅವಳು ಒಂದು ಚೂರೂ ತಡೆಯದೆ, ಮರ್ಯಾದೆಯಿಂದಲೇ ನಿಮ್ಮನ್ನು ತೋರಿಸಿದಳು. “ಈ ಸಾಹೇಬ್ರ ಹೇಳಿದ್ರಿ. ನಮ್ಮ ಭಾಷಾದಾಗ ಬಂದು ಹೇಳಿದ್ರು. ಇಲ್ಲಿ ನಮಗ ಹಂಗ ಯಾರ್ ಹೇಳ್ತಾರ್ರಿ? ಅದಕ್ಕ ನಂಬಿದ್ವಿ.”

ಆಗ ನಿಮ್ಮ ಮುಖ ನೋಡಿದೆ. ವಿದ್ಯಾವತಿ ಊರಿಗೆ ಹೋದದ್ದು ನಿಮಗೆ ಗೊತ್ತಿರಲಿಲ್ಲ, ಅಲ್ಲವೇ? ನಾಲ್ಕು ಜನ ಹೆಚ್ಚು ಬಂದು ನಿಂತರೆ ಗಿಡ ಉಳಿಯುತ್ತವೆ ಎಂದಷ್ಟೇ ಯೋಚಿಸಿ ಒಂದು ಮಾತು ಆಡಿದ್ದಿರಿ. ಅದು ಒಬ್ಬ ಬಸುರಿಯನ್ನು ಅಷ್ಟು ದೂರ ದೂಡಿತ್ತು. ನಾನು ನಿಮ್ಮ ಮಗಳಾಗಿ ಅಷ್ಟು ನಾಚಿಕೆಪಟ್ಟದ್ದು ಹಿಂದೆಂದೂ ಇರಲಿಲ್ಲ.

ಇದಕ್ಕೆ ಆಧಾರವೇನೆಂದು ಅಧಿಕಾರಿ ನಿಮ್ಮನ್ನು ಕೇಳಿದರು. ಕೈಯಲ್ಲಿದ್ದ ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. “ಮಲಾ... ಮಲಾ ವಾಟಲಾ...” ಎಂದು ತೊದಲಿದಿರಿ. ನನಗೆ ಅನ್ನಿಸಿತು ಎನ್ನಲು ಹೋಗಿ ಅದನ್ನೂ ತಪ್ಪಾಗಿ ಅಂದಿರಿ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಮ್ಮ ಸೊಸೈಟಿಯವರೇ.

ಆಗಲಾದರೂ ನಾನು ನಿಮ್ಮ ಪಕ್ಕಕ್ಕೆ ಬರಬೇಕಿತ್ತು. ಬದಲಿಗೆ ಮೈಕಿನ ಹತ್ತಿರ ಹೋದೆ. ಇಲ್ಲಿಯ ಶಾಲೆಯಲ್ಲಿ ಕಲಿತ, ಎಲ್ಲೂ ಮುಗ್ಗರಿಸದ ಮರಾಠಿಯಲ್ಲಿ, “ಇವರು ನನ್ನ ತಂದೆ. ಇವರು ಆ ಹೆಂಗಸರಿಗೆ ಹೇಳಿದ್ದು ಸುಳ್ಳು. ಗಿಡ ಉಳಿಸಲು ಬಡವರನ್ನು ಹೆದರಿಸಿದ್ದಾರೆ” ಎಂದೆ. ಅಷ್ಟಕ್ಕೇ ಬಿಡದೆ ಟ್ರಾನ್ಸ್‌ಫಾರ್ಮರ್ ಎಷ್ಟು ದೂರ ಕೂರುತ್ತದೆ, ನಡುವೆ ಬೆಂಕಿ ತಡೆಯುವ ಗೋಡೆ ಹೇಗೆ ಬರುತ್ತದೆ, ಯಾರಿಗೂ ಅಪಾಯವಿಲ್ಲವೆಂದು ಯಾರು ಪರೀಕ್ಷಿಸುತ್ತಾರೆ, ಎಲ್ಲವನ್ನೂ ವಿವರಿಸಿದೆ. ಸಭೆ ಮೆಚ್ಚಿತು. ಜಯಂತ್ ಸರ್ ಬೆನ್ನು ತಟ್ಟಿದರು. ಜಾಗದ ಬದಲಾವಣೆ ಮುಂದಕ್ಕೆ ಹೋಯಿತು. ನೀವು ಯಾವಾಗ ಎದ್ದು ಹೋದಿರೋ ನೋಡಲಿಲ್ಲ.

ಒಂದು ಕೆಲಸ ಮಾತ್ರ ಬಿಟ್ಟೆ. ಚನಬಸವ್ವ ಅಲ್ಲೇ, ನನ್ನಿಂದ ನಾಲ್ಕು ಹೆಜ್ಜೆ ಆಚೆ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಮಾತನ್ನೆಲ್ಲ ಮರಾಠಿಗೆ ತಿರುಗಿಸಿದವಳು, ನನ್ನ ಮಾತನ್ನು ಅವಳಿಗೆ ಕನ್ನಡದಲ್ಲಿ ಹೇಳಲಿಲ್ಲ. ನನಗೆ ಆ ಹೊತ್ತಿಗೆ ನಿಮ್ಮನ್ನು ಸೋಲಿಸಬೇಕಿತ್ತು. ಅವಳ ಅಂಜಿಕೆ ತೆಗೆಯಬೇಕು ಎಂಬುದು ಹೊಳೆಯಲೂ ಇಲ್ಲ.

ಆಮೇಲೆ ಎರಡು ತಿಂಗಳು ಒಂದೇ ಮನೆಯಲ್ಲಿ ಇದ್ದೆವು. ನೀವು ಅಧ್ಯಕ್ಷಗಿರಿ ಬಿಟ್ಟಿರಿ. ಗಿಡಗಳಿಗೆ ನೀರು ಹಾಕಲು ಹೋಗುವುದನ್ನೂ ಬಿಟ್ಟಿರಿ. ಅಮ್ಮ ನಿಮಗೊಮ್ಮೆ ನನಗೊಮ್ಮೆ ಬಡಿಸಿ ತಾನು ಅಡುಗೆಮನೆಯಲ್ಲಿ ಉಂಡಳು. ನಾನು ದಿನಾ ಆ ಶೆಡ್ಡುಗಳ ಮುಂದೆ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಒಮ್ಮೆಯೂ ಇಳಿಯಲಿಲ್ಲ. ಹೇಳುವುದನ್ನೆಲ್ಲ ಹೇಳಿಯಾಗಿದೆ ಎಂದುಕೊಂಡಿದ್ದೆ. ವರ್ಗದ ಆದೇಶ ಬಂದಾಗ ನೀವು ಬಸ್‌ಸ್ಟ್ಯಾಂಡಿಗೆ ನನ್ನ ಚೀಲ ಹೊತ್ತು ತಂದಿರಿ. “ಊಟ ವ್ಯಾಳ್ಯಾಕ್ಕ ಮಾಡು” ಎಂದಿರಿ. ನಾನು ಕಿಟಕಿಯ ಆಚೆ ನೋಡಿದೆ. ಯೇವಲಾ ದಾಟುವವರೆಗೂ ಅತ್ತೆ. ಆ ಅಳುವಿನಲ್ಲೂ ತಪ್ಪು ನಿಮ್ಮದೇ ಎಂದುಕೊಂಡಿದ್ದೆ.

ನಿನ್ನೆ ಫೋನ್ ಮಾಡಿದ ಚನಬಸವ್ವ, ನಂಬರ್ ನಿಮ್ಮ ಅಪ್ಪಾರೇ ಕೊಟ್ಟರು ಎಂದಳು. ವಿದ್ಯಾವತಿಗೆ ಹೆಣ್ಣು ಮಗು ಆಗಿದೆ. ಹೆರಿಗೆ ಕಷ್ಟವಾಗಿ ಟ್ರ್ಯಾಕ್ಟರಿನಲ್ಲಿ ತಾಲೂಕಿನ ದವಾಖಾನೆಗೆ ಒಯ್ದರಂತೆ, ಉಳಿದವು ಎರಡೂ ಜೀವ. ನಾಸಿಕ್ ರೋಡಿನಲ್ಲೇ ಇದ್ದಿದ್ದರೆ ದವಾಖಾನೆಗೆ ರಿಕ್ಷಾದ ದಾರಿ. ಕೂಸಿಗೆ ಮೂರು ತಿಂಗಳಾದರೂ ಮಗಳನ್ನು ಕರೆಸಿಕೊಳ್ಳಲು ಚನಬಸವ್ವನಿಗೆ ಧೈರ್ಯ ಇರಲಿಲ್ಲ. ಟ್ರಾನ್ಸ್‌ಫಾರ್ಮರಿಗೆ ಕಟ್ಟೆ ಕಟ್ಟುವುದು ದಿನಾ ಕಾಣುತ್ತದೆ. ಅಂಜಿಕೆಯೂ ಅದರ ಜೊತೆ ಏರುತ್ತಿತ್ತು.

“ನಾನು ಅವತ್ತು ಹೇಳಿದ್ದೆನಲ್ಲವಾ, ಏನೂ ಆಗಲ್ಲ ಅಂತ?” ಎಂದೆ.

“ನೀವು ಅವರಿಗೆ ಹೇಳಿದ್ರಿ, ಅಕ್ಕಾರ. ನನಗ ಎಲ್ಲಿ ಹೇಳಿದ್ರಿ?” ಎಂದಳು. ಅದರಲ್ಲಿ ದೂರು ಇರಲಿಲ್ಲ, ಸುಮ್ಮನೆ ನಡೆದದ್ದನ್ನು ಹೇಳಿದಳು.

ಆಮೇಲೆ ನಿಮ್ಮ ಸಂಗತಿ ಹೇಳಿದಳು. ಮೊದಲು ಎರಡು ಸಲ ನೀವು ಶೆಡ್ಡಿನ ತನಕ ಬಂದು, ಮಳೆ ಬಿಸಿಲಿನ ಮಾತಾಡಿ ತಿರುಗಿ ಹೋದಿರಂತೆ. ಮೊನ್ನೆ ಬಂದು ಒಳಗೆ ಕೂತಿರಂತೆ. ಎಲ್ಲರನ್ನೂ ಕರೆ ಎಂದಿರಂತೆ. ಅವಳು ನಿಮ್ಮ ಮಾತನ್ನು ನಿಮ್ಮ ದನಿಯಲ್ಲೇ ಒಪ್ಪಿಸಿದಳು: “ಅವತ್ತ ನಾ ಹೇಳಿದ್ದು ಖರೇ ಅಲ್ಲ, ಯವ್ವಾ. ನನಗ ಗೊತ್ತಿರಲಿಲ್ಲ, ಗೊತ್ತಿದ್ದವರಂಗ ಹೇಳಿದೆ. ಗಿಡದ ಆಶಾಕ್ಕ ಬಿದ್ದು ನಿಮ್ಮನ್ನ ಅಂಜಿಸಿದೆ. ನನ್ನ ಮಗಳು ಇಂಜಿನಿಯರ್ ಇದ್ದಾಳ, ಆಕಿ ಹೇಳಿದ್ದು ಖರೇ. ನಿನ್ನ ಮಗಳನ್ನ ಕರಕೊಂಡ ಬಾ. ನನ್ನ ಮಾತಿಗೆ ಮಗಳು ದೂರ ಆಗೂದು ಬ್ಯಾಡ.”

ಕೊನೆಯ ಮಾತು ಅವಳಿಗೆ ಹೇಳಿದ್ದೋ, ನನಗೋ, ಗೊತ್ತಾಗಲಿಲ್ಲ.

“ಚಾ ಕೊಟ್ಟೆ, ಕುಡದ್ರು ರೀ” ಎಂದೂ ಹೇಳಿದಳು. ಸೊಸೈಟಿಯ ಗಣಪತಿಯ ಮುಂದೆ ಕೊಟ್ಟ ಚಹಾ ಕೂಡ ಹೊರಗಿನವರ ಕೈಯದೆಂದು ಕುಡಿಯದೆ ಮೆಲ್ಲಗೆ ಪಕ್ಕಕ್ಕಿಡುವವರು ನೀವು. ನಾನು ಫೋನ್ ಹಿಡಿದುಕೊಂಡೇ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಿಮ್ಮ ಬಗ್ಗೆ ನಾನು ಪಟ್ಟ ನಾಚಿಕೆಯನ್ನು ಇಷ್ಟು ದಿನ ನ್ಯಾಯ ಎಂದು ಸಾಕಿಕೊಂಡಿದ್ದೆ. ನಿಮಗೆ ಬಾರದ ಭಾಷೆಯಲ್ಲಿ, ನಗುವವರ ಮುಂದೆ ನಿಮ್ಮನ್ನು ನಿಲ್ಲಿಸಿದವಳು ನಾನು. ನೀವು ನಿಮ್ಮ ತಪ್ಪನ್ನು ತಗಡಿನ ಕೆಳಗೆ, ಕೇಳಬೇಕಾದವರ ಎದುರಿಗೆ ಕೂತು, ಅವರಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಕೊಂಡಿರಿ. ಅಲ್ಲಿ ನನ್ನನ್ನು ದೂರಬಹುದಿತ್ತು. ಆಕೆ ಹೇಳಿದ್ದೇ ಖರೆ ಎಂದಿರಿ. ಅಪ್ಪಾ, ನನ್ನ ಮಾತು ಖರೆ ಇತ್ತು, ನಾನು ಖರೆ ಇರಲಿಲ್ಲ.

ಶುಕ್ರವಾರ ವಿದ್ಯಾವತಿ ಕೂಸನ್ನು ಎತ್ತಿಕೊಂಡು ಬರುತ್ತಾಳೆ. ನೀವೂ ಬರ್ರಿ ಎಂದು ಚನಬಸವ್ವ ನನ್ನನ್ನೂ ಕರೆದಿದ್ದಾಳೆ. ನಾನು ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಾವಿಬ್ಬರೂ ಕೂಡಿ ಅವಳ ಮನೆಗೆ ಹೋಗೋಣ. ವಿದ್ಯಾವತಿಗೆ ನಾನೇ ಹೇಳಬೇಕು, ಕನ್ನಡದಲ್ಲಿ ಹೇಳಬೇಕು. ನನ್ನ ಕನ್ನಡ ತಡವರಿಸಿದರೆ ನೀವು ಪಕ್ಕದಲ್ಲಿರಿ.

ನಾನು ಬಂದಾಗ ಬಾಗಿಲು ನೀವೇ ತೆಗೆಯಿರಿ. ಅಮ್ಮ ತೆಗೆದರೆ ಅವಳ ಹಿಂದೆ ಅಡಗಿಕೊಂಡುಬಿಡುತ್ತೇನೆ. ಬೈಯುವುದಿದ್ದರೆ ಅಲ್ಲೇ ಹೊಸ್ತಿಲಲ್ಲಿ ಬೈಯಿರಿ, ಕೇಳಿಸಿಕೊಂಡೇ ಒಳಗೆ ಬರುತ್ತೇನೆ.

ಕಾಲಿಗೆ ಬೀಳಲು ಬರುತ್ತಿದ್ದೇನೆ. ಆಶೀರ್ವಾದದಲ್ಲಿ ಮೊದಲ ಪಾಲು ಆ ಕೂಸಿಗೆ ಕೊಡಿ, ಉಳಿದದ್ದು ಸಾಕು

ನಿಮ್ಮ ಮಗಳು
ಮೃಣಾಲಿನಿಗೆ.